ಹಿನ್ನೆಲೆಯಲ್ಲಿ ನಿಂತವರ ಹೆಸರು ಹುಡುಕುತ್ತಾ

ಹಾಕಿ ಕಾರ್ಡಿನ ಮೇಲೆ ಅಚ್ಚಾಗಿರುವುದು ಒಬ್ಬ ಆಟಗಾರನ ಹೆಸರು. ಚಿತ್ರದಲ್ಲಿ ಇರುವವರು ಮೂವರು. ಮುಂದೆ, ಮಿನೆಸೋಟ ನಾರ್ತ್ ಸ್ಟಾರ್ಸ್ ತಂಡದ ಕಡುಹಸಿರು ಜೆರ್ಸಿ ತೊಟ್ಟವನು ಸ್ಟಿಕ್ಕನ್ನು ಮಂಜುಗಡ್ಡೆಗೆ ಒತ್ತಿ, ಮೈಯನ್ನು ಒಂದು ಕಡೆಗೆ ವಾಲಿಸಿ ತಿರುಗುತ್ತಿದ್ದಾನೆ. ಅವನ ಭುಜದಾಚೆ ಬಿಳಿ ಜೆರ್ಸಿಯವನೊಬ್ಬ ನಮಗೆ ಬೆನ್ನು ಮಾಡಿ ದೂರ ಸರಿಯುತ್ತಿದ್ದಾನೆ. ಇನ್ನೂ ಆಚೆ, ಅರ್ಧ ಮೈಯನ್ನು ಚಿತ್ರದ ಅಂಚೇ ನುಂಗಿಹಾಕಿರುವ ಮೂರನೆಯವನೊಬ್ಬ ನಮ್ಮತ್ತ ಮುಖ ಮಾಡಿದ್ದಾನೆ, ಆದರೆ ಆ ಮುಖ ಅಕ್ಕಿಕಾಳಿನಷ್ಟೂ ಇಲ್ಲ. ಈ ಕಾರ್ಡನ್ನು ಕೈಗೆತ್ತಿಕೊಂಡವರೆಲ್ಲ ಸುಮಾರು ಐವತ್ತು ವರ್ಷಗಳಿಂದ ಮೊದಲನೆಯವನನ್ನೇ ನೋಡುತ್ತ ಬಂದಿದ್ದಾರೆ. ನಾನು ನೋಡುತ್ತಿರುವುದು ಉಳಿದ ಇಬ್ಬರನ್ನು. ಆದ್ದರಿಂದ ಮುಂದೆ ನಿಂತವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಬರಹ ಅವನದಲ್ಲ.

ಇಲ್ಲಿ ಹಾಕಿ ಎಂದರೆ ಐಸ್ ಹಾಕಿ, ಅದರಲ್ಲೂ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಹಾಕಿ. ಆ ಲೀಗಿನ ಆಟಗಾರರ ಚಿತ್ರವಿರುವ ಪುಟ್ಟ ರಟ್ಟಿನ ಕಾರ್ಡುಗಳನ್ನು ಅಚ್ಚು ಹಾಕಿಸಿ ಮಾರಿದವರಲ್ಲಿ ಮೂರು ಹೆಸರುಗಳು ಸಂಗ್ರಾಹಕರ ಬಾಯಲ್ಲಿ ಸದಾ ಇರುತ್ತವೆ: ಟೊರಾಂಟೊ ನಗರದ ಪಾರ್ಕ್‌ಹರ್ಸ್ಟ್, ನ್ಯೂಯಾರ್ಕಿನ ಟಾಪ್ಸ್, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿರುವ ಲಂಡನ್ ಎಂಬ ಊರಿನ ಓ-ಪೀ-ಚೀ. ಪಾರ್ಕ್‌ಹರ್ಸ್ಟ್ 1951–52ರ ಋತುವಿನಲ್ಲಿ ಮೊದಲ ಸರಣಿಯನ್ನು ತಂದಾಗ ಕಾರ್ಡು 1¾ ಅಂಗುಲ ಅಗಲ, 2½ ಅಂಗುಲ ಎತ್ತರವಿತ್ತು. ಮುಂದೆ 2½ ಅಂಗುಲಕ್ಕೆ 3½ ಅಂಗುಲ ಎಂಬ ಅಳತೆಯೇ ನೆಲೆನಿಂತಿತು. ಈ ಅಂಗೈ ಅಗಲದ ಜಾಗದಲ್ಲಿ ಮುಖ್ಯ ಆಟಗಾರನಿಗೆ ಬಹುಪಾಲು ಸಂದು, ತಂಡದ ಹೆಸರಿಗೂ ಚೌಕಟ್ಟಿಗೂ ಸ್ವಲ್ಪ ಹೋದ ಮೇಲೆ ಹಿನ್ನೆಲೆಗೆ ಉಳಿಯುವುದು ಅಂಚೆಚೀಟಿಯಷ್ಟು ಜಾಗ ಮಾತ್ರ. ಆ ಜಾಗದಲ್ಲಿ ಯಾರು ನಿಂತಿದ್ದಾರೆ ಎಂದು ಹೇಳುವುದಕ್ಕೆ ಎಷ್ಟು ಸಾಕ್ಷ್ಯ ಸಿಗಬಲ್ಲದು ಎಂಬುದನ್ನು ಕಂಡುಕೊಂಡ ಮೇಲೆ ನನಗೆ ಈ ಕಾರ್ಡುಗಳನ್ನು ಬೇರೆ ರೀತಿಯಲ್ಲಿ ನೋಡಲು ಆಗಿಯೇ ಇಲ್ಲ.

ಹುಡುಕುವುದೇಕೆ ಎಂದರೆ ನನ್ನ ಉತ್ತರ ಸರಳವಾಗಿದೆ. ಆಡಿದವರೆಲ್ಲರಿಗೂ ಕಾರ್ಡು ಸಿಗಲಿಲ್ಲ. 1979–80ರಲ್ಲಿ, ಡಬ್ಲ್ಯುಎಚ್‌ಎ ಎಂಬ ಪ್ರತಿಸ್ಪರ್ಧಿ ಲೀಗಿನ ನಾಲ್ಕು ತಂಡಗಳು ಸೇರಿಕೊಂಡು ಎನ್‌ಎಚ್‌ಎಲ್‌ನಲ್ಲಿ 21 ತಂಡಗಳಾದವು. ಆ ವರ್ಷದ ಓ-ಪೀ-ಚೀ ಸರಣಿಯಲ್ಲಿ ಇದ್ದದ್ದು 396 ಕಾರ್ಡು. ಅದರಲ್ಲಿ ಅಂಕಪಟ್ಟಿಯ ಮುಂಚೂಣಿಯವರ ಕಾರ್ಡು, ತಂಡದ ಕಾರ್ಡು ಮುಂತಾದವನ್ನು ಕಳೆದರೆ ಆಟಗಾರರ ಪಾಲಿಗೆ ಉಳಿಯುವುದು ಇನ್ನೂ ಕಡಿಮೆ. ಗಾಯಾಳುಗಳ ಬದಲಿಗೆ ಕೆಳಗಿನ ಲೀಗಿನಿಂದ ಕರೆಸಿಕೊಂಡವರನ್ನೂ ಸೇರಿಸಿದರೆ ಒಂದೊಂದು ತಂಡವೂ ಒಂದು ಋತುವಿನಲ್ಲಿ ಮೂವತ್ತರ ಆಸುಪಾಸು ಆಟಗಾರರನ್ನು ರಿಂಕಿಗೆ, ಅಂದರೆ ಮಂಜುಗಡ್ಡೆಯ ಅಂಗಣಕ್ಕೆ, ಇಳಿಸುವುದು ಸಾಮಾನ್ಯ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಕಾರ್ಡಿಲ್ಲದೆ ಹೋದವರು ಎಷ್ಟು ಮಂದಿ ಎಂದು. ಹನ್ನೊಂದು ಪಂದ್ಯ ಆಡಿ ಊರಿಗೆ ಮರಳಿದ ಹುಡುಗನೊಬ್ಬನ ಏಕೈಕ ಅಚ್ಚಾದ ಚಿತ್ರ ಬೇರೊಬ್ಬನ ಕಾರ್ಡಿನ ಮೂಲೆಯಲ್ಲಿ, ಕಾಲು ಅಂಗುಲ ಎತ್ತರದಲ್ಲಿ ಇರಬಹುದು. ಅದನ್ನು ಅವನದೆಂದು ಹೇಳಿ ಬರೆದಿಡುವುದು ಯಾರಾದರೂ ಮಾಡಬೇಕಾದ ಕೆಲಸ ಎಂದು ನನಗೆ ಅನ್ನಿಸುತ್ತದೆ.

ಎಲ್ಲ ಸರಣಿಗಳೂ ಈ ಕೆಲಸಕ್ಕೆ ಒದಗುವುದಿಲ್ಲ. 1970–71ರ ಟಾಪ್ಸ್ ಮತ್ತು ಓ-ಪೀ-ಚೀ ಕಾರ್ಡುಗಳಲ್ಲಿ ಆಟಗಾರನ ಆಕೃತಿಯನ್ನು ಕತ್ತರಿಸಿ ತೆಗೆದು ಬರಿಯ ಬಣ್ಣದ ಮೇಲೆ ಅಂಟಿಸಿದಂತೆ ಅಚ್ಚು ಹಾಕಿದ್ದಾರೆ; ನೋಡಲು ಚೆಂದ, ಹುಡುಕಲು ಏನೂ ಇಲ್ಲ. 1954–55ರ ಪಾರ್ಕ್‌ಹರ್ಸ್ಟ್ ಸರಣಿಯ ಕೊನೆಯ ಭಾಗದಲ್ಲಿ ಪಂದ್ಯದ ದೃಶ್ಯಗಳೇ ಕಾರ್ಡುಗಳಾಗಿವೆ, 1980ರ ದಶಕದ ಆರಂಭದ ಓ-ಪೀ-ಚೀ ಸರಣಿಗಳಲ್ಲಿ ಆಟದ ನಡುವಿನ ಚಿತ್ರಗಳಿಗೆಂದೇ ಮೀಸಲಾದ ಕಾರ್ಡುಗಳಿವೆ. ನನ್ನ ಹೆಚ್ಚಿನ ದಿನಗಳು ಕಳೆಯುವುದು ಇವುಗಳ ಜೊತೆಗೂ 1970ರ ದಶಕದ ಸಾಮಾನ್ಯ ಕಾರ್ಡುಗಳ ಜೊತೆಗೂ.

ನಾರ್ತ್ ಸ್ಟಾರ್ಸ್ ಕಾರ್ಡಿಗೆ ಮರಳುತ್ತೇನೆ. ಹಿನ್ನೆಲೆಯವನು ಯಾರು ಎಂದು ಕೇಳುವುದಕ್ಕೆ ಮೊದಲು ಚಿತ್ರ ಎಲ್ಲಿಯದು, ಯಾವಾಗಿನದು ಎಂದು ಕೇಳಬೇಕು; ಈ ಕ್ರಮವನ್ನು ತಪ್ಪಿಸಿದವರು ದಾರಿ ತಪ್ಪುತ್ತಾರೆ. ಎನ್‌ಎಚ್‌ಎಲ್‌ನಲ್ಲಿ 1970–71ರಿಂದ 2002–03ರವರೆಗೆ ಆತಿಥೇಯ ತಂಡ ಬಿಳಿ ಜೆರ್ಸಿಯನ್ನೂ ಭೇಟಿಗೆ ಬಂದ ತಂಡ ಗಾಢ ಬಣ್ಣದ್ದನ್ನೂ ತೊಡುತ್ತಿತ್ತು. ಅದಕ್ಕೆ ಮೊದಲಿನ ಹದಿನೈದು ವರ್ಷ ಕ್ರಮ ತಿರುಗುಮುರುಗಾಗಿತ್ತು, 2003–04ರಿಂದ ಮತ್ತೆ ತಿರುಗಿತು. ಲಾಸ್ ಏಂಜಲೀಸ್ ಕಿಂಗ್ಸ್ ತವರಿನಲ್ಲಿ ಹಳದಿ ತೊಡುತ್ತಿದ್ದಂಥ ಅಪವಾದಗಳಿವೆಯಾದರೂ ಸೂತ್ರ ಗಟ್ಟಿಯಾಗಿಯೇ ಇದೆ. ಹಸಿರು ಜೆರ್ಸಿಯವನು ಅತಿಥಿ, ಬಿಳಿಯವರು ಮನೆಯವರು. ಮೂರನೆಯವನ ಎದೆಯ ಮೇಲೆ ಮೂರು ಅಕ್ಷರ ಕಾಣುತ್ತವೆ, ಅವು ಸಾಲಾಗಿ ಇಲ್ಲ, ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತವೆ. ಓರೆ ಅಕ್ಷರ, ಕೆಂಪು ಚಡ್ಡಿ: ನ್ಯೂಯಾರ್ಕ್ ರೇಂಜರ್ಸ್. ಆದ್ದರಿಂದ ಜಾಗ ಅವರ ತವರು ಅಂಗಣವಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್.

ಆ ಓರೆ ಅಕ್ಷರಗಳು ಕಾಲವನ್ನೂ ಹೇಳುತ್ತವೆ. ರೇಂಜರ್ಸ್ ತಂಡ 1976–77 ಮತ್ತು 1977–78ರಲ್ಲಿ ಮಾತ್ರ ಓರೆ ಅಕ್ಷರಗಳನ್ನು ಬಿಟ್ಟು ಎದೆಯ ಮೇಲೆ ಗುರಾಣಿಯ ಲಾಂಛನ ಧರಿಸಿತ್ತು, ಆಮೇಲೆ ಹಳೆಯದಕ್ಕೇ ಮರಳಿತು. ಅಂದಮೇಲೆ ಚಿತ್ರ 1970ರ ಶರತ್ಕಾಲದಿಂದ 1976ರ ವಸಂತದೊಳಗಿನದು, ಇಲ್ಲವೇ 1978ರ ನಂತರದ್ದು. ಕಾರ್ಡು ಅಚ್ಚಾದ ವರ್ಷ ಎರಡನೆಯ ಸಾಧ್ಯತೆಯನ್ನು ತೆಗೆದುಹಾಕುತ್ತದೆ. ಜೊತೆಗೆ, ಬೆನ್ನು ಮಾಡಿದವನ ಜೆರ್ಸಿಯಲ್ಲಿ ಸಂಖ್ಯೆಯ ಮೇಲೆ ಹೆಸರಿಲ್ಲ. ಬೆನ್ನ ಮೇಲೆ ಹೆಸರು ಇರಲೇಬೇಕೆಂದು ಲೀಗು ಎಲ್ಲ ತಂಡಗಳಿಗೂ ವಿಧಿಸಿದ್ದು 1977–78ರಲ್ಲಿ.

ಈಗ ಬೆನ್ನಿನ ಸಂಖ್ಯೆ. ಮುಂದಿನವನ ಭುಜ ಅದರ ಎಡಭಾಗವನ್ನು ಮುಚ್ಚಿದೆ. ಕಾಣುವುದು ಒಂದು 7. ಅದು ಬರಿಯ 7 ಇರಬಹುದು, 17 ಇರಬಹುದು, 27 ಇರಬಹುದು. ಇಲ್ಲಿ ನೋಡಬೇಕಾದದ್ದು ಅಂಕಿಯನ್ನಲ್ಲ, ಅಂಕಿ ಬೆನ್ನಿನ ಯಾವ ಭಾಗದಲ್ಲಿದೆ ಎಂಬುದನ್ನು. ಒಂಟಿ ಅಂಕಿಯನ್ನು ಬೆನ್ನುಹುರಿಯ ಗೆರೆಯ ಮೇಲೆಯೇ ಹೊಲಿಯುತ್ತಾರೆ. ಜೋಡಿ ಅಂಕಿಯಾದರೆ ಒಂದು ಆ ಗೆರೆಯ ಎಡಕ್ಕೂ ಇನ್ನೊಂದು ಬಲಕ್ಕೂ ಬೀಳುತ್ತದೆ. ಕತ್ತಿನ ನಡುವಿನಿಂದ ಚಡ್ಡಿಯ ನಡುವಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು ನೋಡಿದೆ, ಗೆರೆ 7ರ ಅಡ್ಡಗೆರೆಯನ್ನು ಸರಿಯಾಗಿ ಮಧ್ಯಕ್ಕೆ ಕತ್ತರಿಸಿತು. ಒಂಟಿ ಏಳು. ಸ್ಟಿಕ್ ಹಿಡಿದ ಕೈಗಳಲ್ಲಿ ಕೆಳಗಿರುವುದು ಬಲಗೈ, ಅಂದರೆ ಬಲಗಡೆಯಿಂದ ಹೊಡೆಯುವವನು. ಐಸ್ ಹಾಕಿಯಲ್ಲಿ ಎಡಗಡೆಯಿಂದ ಹೊಡೆಯುವವರೇ ಹೆಚ್ಚಾದ್ದರಿಂದ ಇದು ಬೆಲೆಬಾಳುವ ಸುಳಿವು. ತಲೆಯ ಮೇಲೆ ಹೆಲ್ಮೆಟ್ ಇಲ್ಲ. ಆ ವರ್ಷಗಳಲ್ಲಿ ರೇಂಜರ್ಸ್ ತಂಡದಲ್ಲಿ 7 ತೊಟ್ಟು, ಬಲಗಡೆಯಿಂದ ಹೊಡೆಯುತ್ತಿದ್ದವರು ರಾಡ್ ಗಿಲ್ಬರ್ಟ್. 1979ರಲ್ಲಿ ಅವರ ಗೌರವಾರ್ಥ ಆ ಸಂಖ್ಯೆಯನ್ನು ಮೇಲೇರಿಸಿದಾಗ ರೇಂಜರ್ಸ್ ತಂಡ ಹಾಗೆ ನಿವೃತ್ತಗೊಳಿಸಿದ ಮೊದಲ ಸಂಖ್ಯೆ ಅದಾಯಿತು.

ಬರೆಯುವಾಗ ನಾನು ಗಮನಿಸಿದ ಒಂದು ಸಂಗತಿಯಿದೆ. ಹೆಸರು ಸಿಗುವವರೆಗೂ ಹಿನ್ನೆಲೆಯವನನ್ನು ನಾನು ‘ಅವನು’ ಎಂದೇ ಬರೆಯುತ್ತೇನೆ. ಹೆಸರು ಸಿಕ್ಕ ಕ್ಷಣದಿಂದ ಕೈ ತಾನಾಗಿಯೇ ‘ಅವರು’ ಎಂದು ಬರೆಯುತ್ತದೆ.

ಕಾಲ ನಿರ್ಣಯಕ್ಕೆ ನೆರವಾಗುವ ಜೆರ್ಸಿಗಳ ವಿಷಯ ಇನ್ನಷ್ಟು ಹೇಳಬೇಕು, ಏಕೆಂದರೆ ಹುಡುಕಾಟದ ಜೀವಾಳ ಅಲ್ಲಿದೆ. ಕಾರ್ಡಿನ ಮೇಲೆ ಒಂದು ಋತುವಿನ ಹೆಸರಿದ್ದರೂ ಚಿತ್ರ ಸಾಮಾನ್ಯವಾಗಿ ಅದಕ್ಕೆ ಹಿಂದಿನದು. ಅಚ್ಚಿಗೆ ಹೋಗುವ ಹೊತ್ತಿಗೆ ಹೊಸ ಋತುವಿನ ಚಿತ್ರಗಳು ಇರುವುದಿಲ್ಲ. ಕೆಲವೊಮ್ಮೆ ಎರಡು ಮೂರು ವರ್ಷ ಹಳೆಯ ಚಿತ್ರವೂ ಇರುತ್ತದೆ. ಹಾಗಾಗಿ ಕಾರ್ಡಿನ ವರ್ಷವನ್ನು ಮೇಲಿನ ಮಿತಿಯೆಂದು ಮಾತ್ರ ಇಟ್ಟುಕೊಂಡು, ಕೆಳಗಿನ ಮಿತಿಯನ್ನು ಚಿತ್ರದೊಳಗಿನಿಂದಲೇ ಪಡೆಯಬೇಕು. ಹಿನ್ನೆಲೆಯಲ್ಲಿ ಕಾನ್ಸಾಸ್ ಸಿಟಿ ಸ್ಕೌಟ್ಸ್ ಜೆರ್ಸಿ ಕಂಡರೆ ನನಗೆ ಹಬ್ಬ: ಆ ತಂಡ ಅಲ್ಲಿ ಬಾಳಿದ್ದು 1974ರಿಂದ 1976ರವರೆಗಿನ ಎರಡೇ ಋತು, ಆಮೇಲೆ ಕೊಲರಾಡೊಗೆ ಹೋಯಿತು, 1982ರಲ್ಲಿ ನ್ಯೂಜೆರ್ಸಿಗೆ. ಕ್ಯಾಲಿಫೋರ್ನಿಯಾದ ಸೀಲ್ಸ್ ತಂಡ 1976ರಲ್ಲಿ ಕ್ಲೀವ್‌ಲ್ಯಾಂಡಿಗೆ ಸ್ಥಳಾಂತರಗೊಂಡು, 1978ರಲ್ಲಿ ನಾರ್ತ್ ಸ್ಟಾರ್ಸ್ ಜೊತೆ ವಿಲೀನವಾಯಿತು. ಹೀಗಾಗಿ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ಜೆರ್ಸಿಗೂ ಎರಡೇ ವರ್ಷದ ಆಯಸ್ಸು. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಇನ್ನೂ ನಿಖರ. ಅವರು ನೀಲಿ ಬಣ್ಣವನ್ನು ಬಿಟ್ಟು ಕಪ್ಪು ಮತ್ತು ಹೊನ್ನಿನ ಬಣ್ಣಕ್ಕೆ ಬದಲಾದದ್ದು ಋತುವಿನ ನಡುವೆ, 1980ರ ಜನವರಿ ಕೊನೆಯಲ್ಲಿ. ಹಿನ್ನೆಲೆಯಲ್ಲಿ ಪೆಂಗ್ವಿನ್ಸ್ ಆಟಗಾರನ ತೋಳಿನ ಒಂದು ತುಂಡು ಕಂಡರೂ ಸಾಕು, ಚಿತ್ರ ಆ ವಾರಕ್ಕೆ ಮುಂಚಿನದೋ ಆಮೇಲಿನದೋ ಗೊತ್ತಾಗುತ್ತದೆ.

ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ 1981–82 ಮತ್ತು 1982–83ರಲ್ಲಿ ಮೊಣಕಾಲಿನ ಚಡ್ಡಿ ಬಿಟ್ಟು ಪಾದದವರೆಗಿನ ಉದ್ದನೆಯ ಪ್ಯಾಂಟು ತೊಟ್ಟು ಆಡಿತು, ಹಾರ್ಟ್‌ಫರ್ಡ್ ವೇಲರ್ಸ್ 1982–83ರಲ್ಲಿ ಮಾತ್ರ. ಬಿದ್ದ ಆಟಗಾರ ನಿಲ್ಲದೆ ಜಾರಿಹೋಗುತ್ತಾನೆಂಬ ಕಾರಣಕ್ಕೆ ಆ ಉಡುಪು ಮರೆಯಾಯಿತು. ಅಭಿಮಾನಿಗಳಲ್ಲಿ ಅನೇಕರಿಗೆ ಅದು ಹಿಡಿಸುವುದಿಲ್ಲ, ನನಗೆ ಮಾತ್ರ ಬಹಳ ಪ್ರಿಯ. ಎಷ್ಟೇ ಮಸುಕಾದ ಹಿನ್ನೆಲೆಯಲ್ಲೂ ಕಾಲಿನ ಆ ಅಖಂಡ ಕಪ್ಪು ಎದ್ದು ಕಾಣುತ್ತದೆ. ಬೆನ್ನಿನ ಹೆಸರಿನ ನಿಯಮದ ಜೊತೆಗೂ ಒಂದು ಪ್ರಸಂಗ ಸೇರಿಕೊಂಡಿದೆ. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಒಡೆಯ ಹೆರಾಲ್ಡ್ ಬ್ಯಾಲರ್ಡ್ ಅವರು ಹೆಸರು ಹಾಕಿಸಿದರೆ ಪಂದ್ಯದ ಕಾರ್ಯಕ್ರಮ ಪುಸ್ತಿಕೆ ಮಾರಾಟವಾಗುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಲೀಗು ದಂಡದ ಮಾತೆತ್ತಿದ ಮೇಲೆ, 1978ರ ಫೆಬ್ರವರಿಯಲ್ಲಿ ಶಿಕಾಗೊದಲ್ಲಿ ನಡೆದ ಪಂದ್ಯಕ್ಕೆ, ನೀಲಿ ಜೆರ್ಸಿಯ ಮೇಲೆ ನೀಲಿ ಅಕ್ಷರದಲ್ಲೇ ಹೆಸರು ಬರೆಸಿದರು. ನೀಲಿ ಜೆರ್ಸಿಯ ಟೊರಾಂಟೊ ಆಟಗಾರ ಹಿನ್ನೆಲೆಯಲ್ಲಿ ಬೆನ್ನು ತೋರಿಸಿ ನಿಂತಾಗಲೆಲ್ಲ ನಾನು ಸಂಖ್ಯೆಯ ಮೇಲಿನ ಪಟ್ಟಿಯನ್ನು ಎರಡು ಸಲ ನೋಡುತ್ತೇನೆ.

ಹೆಲ್ಮೆಟ್ ವಿಷಯದಲ್ಲಿ ಎಚ್ಚರ ಬೇಕು. 1979ರ ಜೂನ್ ನಂತರ ಒಪ್ಪಂದ ಮಾಡಿಕೊಂಡು ಲೀಗಿಗೆ ಬಂದವರಿಗೆ ಹೆಲ್ಮೆಟ್ ಕಡ್ಡಾಯವಾಯಿತು, ಅದಕ್ಕೆ ಮೊದಲೇ ಸಹಿ ಹಾಕಿದ್ದವರು ಬರಿತಲೆಯಲ್ಲಿ ಆಡಬಹುದಿತ್ತು. ಹಾಗೆ ಆಡಿದವರಲ್ಲಿ ಕೊನೆಯವರಾದ ಕ್ರೇಗ್ ಮ್ಯಾಕ್‌ಟಾವಿಶ್ ನಿವೃತ್ತರಾದದ್ದು 1997ರಲ್ಲಿ. ಆದ್ದರಿಂದ ಬರಿತಲೆ ಕಂಡಿತೆಂದು ಚಿತ್ರವನ್ನು 1970ರ ದಶಕಕ್ಕೆ ತಳ್ಳುವಂತಿಲ್ಲ. ಆದರೆ ವರ್ಷ ದಾಟುತ್ತ ಹೋದಂತೆ ಬರಿತಲೆಯವರ ಪಟ್ಟಿ ಚಿಕ್ಕದಾಗುತ್ತ ಹೋಗುವುದರಿಂದ, 1980ರ ದಶಕದ ನಡುವಿನ ಕಾರ್ಡಿನಲ್ಲಿ ಕೂದಲು ಹಾರಿಸುತ್ತ ಹೋಗುವ ಮಸುಕು ಆಕೃತಿಗೆ ಹೆಸರು ಹಚ್ಚುವುದು ಅದಕ್ಕೆ ಹತ್ತು ವರ್ಷ ಹಿಂದಿನ ಕಾರ್ಡಿಗಿಂತ ಎಷ್ಟೋ ಸುಲಭ.

ಗೋಲ್‌ಕೀಪರ್‌ಗಳ ಕತೆ ಬೇರೆ. ಜಾಕ್ ಪ್ಲಾಂಟ್ ಅವರು 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ, ಮುಖಕ್ಕೆ ಪಕ್ (ಆಟದ ರಬ್ಬರ್ ಬಿಲ್ಲೆ) ಬಡಿದು ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ, ಮುಖವಾಡ ಧರಿಸಿ ಆಡಿದ್ದರಿಂದ ಆ ಪದ್ಧತಿ ಬೇರೂರಿತು. ಮುಂದಿನ ಎರಡು ದಶಕ ಪ್ರತಿಯೊಬ್ಬರ ಮುಖವಾಡವೂ ಅವರವರ ಮುಖದ ಅಚ್ಚು ತೆಗೆದು ಮಾಡಿದ್ದಾದ್ದರಿಂದ ಅದು ಸಹಿಯಿದ್ದಂತೆ. ಗೆರಿ ಚೀವರ್ಸ್ ಅವರ ಬಿಳಿ ಮುಖವಾಡದ ಮೇಲೆ ಪಕ್ ತಗಲಿದ ಕಡೆಯೆಲ್ಲ ಕಪ್ಪು ಹೊಲಿಗೆಯ ಗುರುತುಗಳು. ಕೆನ್ ಡ್ರೈಡನ್ ಅವರದರ ಮೇಲೆ ಗುರಿಹಲಗೆಯಂಥ ಕೆಂಪು, ನೀಲಿ ಉಂಗುರಗಳು. ಡ್ರೈಡನ್ ಅವರನ್ನು ಗುರುತಿಸಲು ಅಷ್ಟೂ ಬೇಕಿಲ್ಲ. ಆಟ ನಿಂತಾಗ ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಎರಡೂ ಕೈಗಳನ್ನು ಇಟ್ಟು, ಹೊಲ ಕಾಯುವವರಂತೆ ಒರಗಿ ನಿಲ್ಲುವ ಆ ನಿಲುವು ರಿಂಕಿನ ಆಚೆ ತುದಿಯಲ್ಲಿ ಬೆರಳುಗುರಿನಷ್ಟಿದ್ದರೂ ಅವರದೇ. ಅವರು 1973–74ರ ಋತುವಿನಲ್ಲಿ ಆಡಲೇ ಇಲ್ಲ, ಕಾನೂನು ಕಚೇರಿಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಅವರು ಕಂಡ ಚಿತ್ರ ಆ ವರ್ಷದ್ದಲ್ಲ ಎಂಬುದು ಪುಕ್ಕಟೆಯಾಗಿ ಸಿಗುವ ಮಾಹಿತಿ.

ತಪ್ಪೊಂದನ್ನು ಇಲ್ಲಿ ದಾಖಲಿಸುವುದು ಕರ್ತವ್ಯ. 1980ರ ದಶಕದ ಆರಂಭದ ಒಂದು ಕಾರ್ಡಿನ ಹಿನ್ನೆಲೆಯಲ್ಲಿ ಎಡ್ಮಂಟನ್ ಆಯ್ಲರ್ಸ್ ತಂಡದ ನೀಲಿ ಜೆರ್ಸಿಯವನೊಬ್ಬನಿದ್ದ. ತಲೆಗೆ ಅಂಟಿಕೊಂಡಂಥ ಜೋಫಾ ಹೆಲ್ಮೆಟ್, ಬೆನ್ನಿನ ಮಡಿಕೆಯ ಪಕ್ಕ ಒಂದು 9. ನಾನು ಒಂದು ಕ್ಷಣವೂ ಯೋಚಿಸದೆ 99 ತೊಡುತ್ತಿದ್ದ ವೇನ್ ಗ್ರೆಟ್ಸ್ಕಿ ಎಂದು ಬರೆದಿಟ್ಟೆ, ಇನ್ನೊಂದು 9 ಮಡಿಕೆಯೊಳಗೆ ಅಡಗಿದೆ ಎಂದು ನಂಬಿದೆ. ಎರಡು ತಿಂಗಳಾದ ಮೇಲೆ ಅದೇ ಕಾರ್ಡಿನ ಇನ್ನೊಂದು ಪ್ರತಿ ಸಿಕ್ಕಿತು, ಅದರಲ್ಲಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿದ್ದವು. ಮಡಿಕೆ ಎಂದು ನಾನು ತಿಳಿದದ್ದು ಬಣ್ಣ ಸರಿದು ಆಗಿದ್ದ ನೆರಳು. 9 ಒಂಟಿಯಾಗಿ, ಬೆನ್ನಿನ ನಟ್ಟನಡುವೆ ಇತ್ತು. ಅವರು ಗ್ಲೆನ್ ಆ್ಯಂಡರ್ಸನ್. ಮೊದಲೇ ಚಡ್ಡಿಯ ಸೊಂಟದ ಕಡೆ ನೋಡಿದ್ದರೆ ಸಾಕಿತ್ತು: ಗ್ರೆಟ್ಸ್ಕಿ ಅವರು ಜೆರ್ಸಿಯ ಬಲಬದಿಯನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಇಲ್ಲಿ ಜೆರ್ಸಿ ಎರಡೂ ಬದಿ ಇಳಿಬಿದ್ದಿತ್ತು. ಜೋಫಾ ಹೆಲ್ಮೆಟ್ಟನ್ನು ಅದೇ ತಂಡದ ಯಾರಿ ಕುರ್ರಿ ಅವರೂ ತೊಡುತ್ತಿದ್ದರು, ಅದೊಂದನ್ನೇ ನಂಬುವಂತಿರಲಿಲ್ಲ. ದೊಡ್ಡ ಹೆಸರು ಸಿಗಲಿ ಎಂಬ ಆಸೆ ಕಣ್ಣಿಗೆ ಪೊರೆ ಕಟ್ಟಿತ್ತು. ಅಂದಿನಿಂದ ನಾನು ‘ಇದು ಯಾರು’ ಎಂದು ಆರಂಭಿಸುವುದಿಲ್ಲ, ‘ಇದು ಯಾರಲ್ಲ’ ಎಂದು ಆರಂಭಿಸುತ್ತೇನೆ. ಆ ಋತುವಿನ ತಂಡದ ಪಟ್ಟಿಯನ್ನು ಪೂರ್ತಿ ಬರೆದುಕೊಂಡು, ಕಾರಣ ಸಿಕ್ಕಂತೆ ಒಂದೊಂದೇ ಹೆಸರನ್ನು ಹೊಡೆದುಹಾಕುತ್ತ ಬರುತ್ತೇನೆ.

ಅಚ್ಚಿನ ಗುಣದ ಬಗ್ಗೆ ಹೇಳಿದ್ದರಿಂದ ಒಂದು ಮಾತು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯನ್ನು ಹಿನ್ನೆಲೆಯ ಮೇಲೆ ಇಟ್ಟರೆ ಆಟಗಾರ ಮಾಯವಾಗುತ್ತಾನೆ. ಉಳಿಯುವುದು ನೀಲಿ, ನಸುಗೆಂಪು, ಹಳದಿ, ಕಪ್ಪು ಚುಕ್ಕಿಗಳ ರಂಗೋಲಿ. ಚುಕ್ಕಿಗಳ ನಡುವೆ ಇಲ್ಲದ ವಿವರವನ್ನು ಯಾವ ಗಾಜೂ ತಂದುಕೊಡಲಾರದು. ನನಗೆ ಕೆಲಸಕ್ಕೆ ಬಂದಿರುವುದು ಅದರ ವಿರುದ್ಧ ದಾರಿ: ಕಾರ್ಡನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ದೊಡ್ಡದಾಗಿಸಿ, ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕಣ್ಣನ್ನು ಸ್ವಲ್ಪ ಕಿರಿದು ಮಾಡಿ ನೋಡುವುದು. ಚುಕ್ಕಿಗಳು ಕರಗಿ ಒಂದಾಗುತ್ತವೆ, 3 ಎಂದು ತೋರುತ್ತಿದ್ದದ್ದು 8 ಆಗುತ್ತದೆ. ಒಂದೇ ಚಿತ್ರವನ್ನು ಟಾಪ್ಸ್ ಮತ್ತು ಓ-ಪೀ-ಚೀ ಎರಡೂ ಬಳಸಿದ್ದರೆ ಎರಡನ್ನೂ ಪಕ್ಕಪಕ್ಕ ಇಡಬೇಕು, ಒಂದರಲ್ಲಿ ಕಲಸಿಹೋದದ್ದು ಇನ್ನೊಂದರಲ್ಲಿ ಓದಲು ಸಿಗುವುದುಂಟು. ಮೂಲೆ ಸವೆದ, ನಡುವೆ ಮಡಿಕೆ ಬಿದ್ದ ಕಾರ್ಡುಗಳನ್ನು ಬೇರೆ ಸಂಗ್ರಾಹಕರು ಮುಟ್ಟುವುದಿಲ್ಲ, ಆದರೆ ಹಿನ್ನೆಲೆ ಸ್ವಚ್ಛವಾಗಿದ್ದರೆ ಅವು ನನ್ನ ಕೆಲಸಕ್ಕೆ ಹೊಸ ಕಾರ್ಡಿನಷ್ಟೇ ಸಮ. ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚು ಹಾಕಿರುವ ಸಾಧ್ಯತೆಯನ್ನೂ ಮರೆಯಬಾರದು. ಅಂಥದರಲ್ಲಿ ಎಡಗೈಯವನು ಬಲಗೈಯವನಾಗುತ್ತಾನೆ, ಓದಲಾಗದ ಸಂಖ್ಯೆಯನ್ನು ಕನ್ನಡಿಯಲ್ಲಿ ಹಿಡಿದರೆ ಓದಬಹುದಾಗುತ್ತದೆ.

ಇನ್ನು ಬಣ್ಣ ಬಳಿದ ಕಾರ್ಡುಗಳು. ಆಟಗಾರ ಬೇರೆ ತಂಡಕ್ಕೆ ವರ್ಗವಾದಾಗ ಹಳೆಯ ಚಿತ್ರದ ಜೆರ್ಸಿಯ ಮೇಲೆ ಕಲಾವಿದರು ಹೊಸ ತಂಡದ ಬಣ್ಣ ಬಳಿಯುತ್ತಿದ್ದರು. ಓ-ಪೀ-ಚೀ ಕೆಲವು ಸಲ ಬಣ್ಣ ಬಳಿಯದೆ, ಈಗ ಇಂಥ ತಂಡದಲ್ಲಿದ್ದಾರೆ ಎಂಬ ಒಂದು ಸಾಲನ್ನು ಮುಖಪುಟದಲ್ಲೇ ಅಚ್ಚು ಹಾಕಿಬಿಡುತ್ತಿತ್ತು. ಬಳಿದದ್ದು ಮುಂದಿನವನಿಗೆ ಮಾತ್ರ. ಹಿಂದೆ ನಿಂತ ಹಳೆಯ ಜೊತೆಗಾರ ಹಳೆಯ ಜೆರ್ಸಿಯಲ್ಲೇ ಉಳಿದುಬಿಡುತ್ತಾನೆ. ಅಂಥ ಕಾರ್ಡುಗಳಲ್ಲಿ ನಿಜ ಹೇಳುತ್ತಿರುವವನು ಹಿನ್ನೆಲೆಯವನೊಬ್ಬನೇ.

ಹೆಸರಿಲ್ಲದವರನ್ನು ಕುರಿತು ಬರೆಯುತ್ತ ಎಲ್ಲರಿಗೂ ಗೊತ್ತಿರುವ ಒಂದು ಕಾರ್ಡನ್ನು ಬಿಡುವುದು ಸರಿಯಲ್ಲ. 1951–52ರ ಪಾರ್ಕ್‌ಹರ್ಸ್ಟ್ ಸರಣಿಯ 105 ಕಾರ್ಡುಗಳ ನಡುವೆ 52ನೆಯದು ಯಾರೊಬ್ಬರ ಭಾವಚಿತ್ರವೂ ಅಲ್ಲ, ಒಂದು ಗೋಲಿನ ದೃಶ್ಯ. 1951ರ ಏಪ್ರಿಲ್ 21ರಂದು ಟೊರಾಂಟೊದಲ್ಲಿ, ಲೀಗಿನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಫೈನಲಿನ ಐದನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಟೊರಾಂಟೊ ತಂಡದ ಬಿಲ್ ಬರಿಲ್ಕೊ ಅವರು ಮಾಂಟ್ರಿಯಲ್ ಗೋಲ್‌ಕೀಪರ್ ಗೆರಿ ಮೆಕ್‌ನೀಲ್ ಅವರನ್ನು ದಾಟಿಸಿ ಹೊಡೆದ ಗೋಲು ಅದು. ಆ ಫೈನಲಿನ ಐದು ಪಂದ್ಯಗಳೂ ಹೆಚ್ಚುವರಿ ಅವಧಿಗೆ ಹೋಗಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಬರಿಲ್ಕೊ ಅವರಿದ್ದ ಸಣ್ಣ ವಿಮಾನ ಉತ್ತರ ಒಂಟಾರಿಯೊದ ಕಾಡಿನ ಮೇಲೆ ಕಣ್ಮರೆಯಾಯಿತು. ಅವಶೇಷಗಳು ಸಿಕ್ಕಿದ್ದು 1962ರ ಜೂನಿನಲ್ಲಿ. ಕಾರ್ಡುಗಳು ಪೊಟ್ಟಣದಲ್ಲಿ ಮಕ್ಕಳ ಕೈಸೇರುವ ಹೊತ್ತಿಗೆ ಗೋಲು ಹೊಡೆದವರು ಇರಲೇ ಇಲ್ಲ. ಆ ಗೋಲಿನ ಪ್ರಸಿದ್ಧ ಛಾಯಾಚಿತ್ರ ನ್ಯಾಟ್ ಟುರೋಫ್ಸ್ಕಿ ಅವರದು. ಟುರೋಫ್ಸ್ಕಿ ಸೋದರರು ತೆಗೆದ ಚಿತ್ರಗಳ ದೊಡ್ಡ ಸಂಗ್ರಹ ಇಂದು ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿದೆ. ಆ ಛಾಯಾಚಿತ್ರದಲ್ಲಿ ಬರಿಲ್ಕೊ ಮುಂದಕ್ಕೆ ಚಿಮ್ಮಿ ಗಾಳಿಯಲ್ಲಿದ್ದಾರೆ, ಮೆಕ್‌ನೀಲ್ ಹಿಂದಕ್ಕೆ ಬೀಳುತ್ತಿದ್ದಾರೆ. ಆರೇ ತಂಡಗಳಿದ್ದ ಆ ಕಾಲದ ಕಾರ್ಡುಗಳನ್ನು ಬಿಡಿಸಲು ನಾನು ಇಂಥ ಛಾಯಾಚಿತ್ರಗಳನ್ನೇ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಪುಟ್ಟ ಲೀಗು, ಕಡಿಮೆ ಮುಖಗಳು, ಆದರೂ ಸಂಖ್ಯೆ ಮಾತ್ರ ಸಾಲದು: ಡೆಟ್ರಾಯಿಟಿನ ಗಾರ್ಡಿ ಹೋ, ಮಾಂಟ್ರಿಯಲ್ಲಿನ ಮೊರೀಸ್ ರಿಶಾರ್, ಟೊರಾಂಟೊದ ಟೆಡ್ ಕೆನೆಡಿ, ನ್ಯೂಯಾರ್ಕಿನ ಆಂಡಿ ಬಾತ್‌ಗೇಟ್ ಎಲ್ಲರೂ 9. ಹೋ ಅವರು ಮೊದಲು 17 ತೊಡುತ್ತಿದ್ದರು. ತಂಡಗಳು ರೈಲಿನಲ್ಲಿ ಓಡಾಡುತ್ತಿದ್ದ ಆ ದಿನಗಳಲ್ಲಿ ಚಿಕ್ಕ ಸಂಖ್ಯೆಯವರಿಗೆ ಕೆಳಗಿನ ಬರ್ತ್ ಸಿಗುತ್ತಿತ್ತೆಂದು 9ಕ್ಕೆ ಬದಲಾಯಿಸಿಕೊಂಡರು.

ಕೆಲವು ಕಾರ್ಡುಗಳಿಗಾಗಿ ನಾನು ಇನ್ನೂ ಕಾಯುತ್ತಿದ್ದೇನೆ. 1975ರ ನವೆಂಬರ್ 7ರಂದು ನಡೆದ ವರ್ಗಾವಣೆಯಲ್ಲಿ ಫಿಲ್ ಎಸ್ಪೊಸಿಟೊ ಬೋಸ್ಟನ್ ಬಿಟ್ಟು ನ್ಯೂಯಾರ್ಕಿಗೆ ಹೋದರು, ಬ್ರ್ಯಾಡ್ ಪಾರ್ಕ್ ಮತ್ತು ಜಾನ್ ರಟೆಲ್ ಬೋಸ್ಟನ್ನಿಗೆ ಬಂದರು. ಬೋಸ್ಟನ್ನಿನ ಬಾಬಿ ಆರ್ ಅವರು ಮೊಣಕಾಲಿನ ನೋವಿನಿಂದ ಆ ಋತುವಿನಲ್ಲಿ ಆಡಿದ್ದು 10 ಪಂದ್ಯ ಮಾತ್ರ, ಆಮೇಲೆ ಆ ತಂಡಕ್ಕೆ ಅವರು ಆಡಲೇ ಇಲ್ಲ. ಆ ಕಾಲದ ಇಬ್ಬರು ಅತ್ಯುತ್ತಮ ರಕ್ಷಣಾ ಆಟಗಾರರಾದ ಆರ್ ಮತ್ತು ಪಾರ್ಕ್ ಒಂದೇ ಕಪ್ಪು-ಹೊನ್ನಿನ ಜೆರ್ಸಿಯಲ್ಲಿ ಇದ್ದ ಕಾಲ ಕೆಲವೇ ವಾರಗಳದ್ದು. ಯಾರದೋ ಕಾರ್ಡಿನ ಹಿನ್ನೆಲೆಯಲ್ಲಿ 4 ಮತ್ತು 22 ಜೊತೆಯಾಗಿ ಕಂಡರೆ ಆ ಚಿತ್ರದ ದಿನಾಂಕವನ್ನು ಬೆರಳೆಣಿಕೆಯ ಪಂದ್ಯಗಳಿಗೆ ಇಳಿಸಬಹುದು. 1970ರ ದಶಕದ ನಡುವಿನ ಕಾರ್ಡುಗಳ ಪ್ರತಿ ಕಟ್ಟನ್ನೂ ಬಿಚ್ಚುವಾಗ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಗುರುತಿಸಿದ ಕಾರ್ಡಿನ ಪ್ಲಾಸ್ಟಿಕ್ ಕವಚದೊಳಗೆ, ಕಾರ್ಡಿನ ಬೆನ್ನಿಗೆ, ನಾನು ಒಂದು ಚೀಟಿ ಇಡುತ್ತೇನೆ. ಪೆನ್ಸಿಲಿನಲ್ಲಿ ಹೆಸರು, ಅದರ ಕೆಳಗೆ ಆ ಹೆಸರಿಗೆ ಬಂದ ಕಾರಣಗಳು, ಹೊಡೆದುಹಾಕಿದ ಹೆಸರುಗಳು. ಪೆನ್ಸಿಲೇ ಏಕೆಂದರೆ ಮುಂದೆ ಇನ್ನೂ ಒಳ್ಳೆಯ ಪ್ರತಿ ಸಿಕ್ಕಾಗ ಅಳಿಸಿ ಬರೆಯಬೇಕಾಗಬಹುದು. ನಾರ್ತ್ ಸ್ಟಾರ್ಸ್ ಕಾರ್ಡಿನ ಚೀಟಿಯ ಮೊದಲ ಸಾಲಿನಲ್ಲಿ ರಾಡ್ ಗಿಲ್ಬರ್ಟ್ ಎಂದಿದೆ. ಎರಡನೆಯ ಸಾಲು ಅಂಚಿನಲ್ಲಿ ಅರ್ಧ ಉಳಿದ ಮೂರನೆಯವನದು. ಅವನ ಬೆನ್ನು ಕಾಣುವುದಿಲ್ಲ, ತೋಳಿನ ಸಂಖ್ಯೆ ಚೌಕಟ್ಟಿನಾಚೆ ಹೋಗಿದೆ, ಮುಖ ನಾಲ್ಕು ಚುಕ್ಕಿ. ಆದರೂ ಅವನ ಎದೆಯ ಓರೆ ಅಕ್ಷರಗಳಿಲ್ಲದಿದ್ದರೆ ತಂಡವೂ ತಿಳಿಯುತ್ತಿರಲಿಲ್ಲ, ಕಾಲವೂ ತಿಳಿಯುತ್ತಿರಲಿಲ್ಲ, ಪಕ್ಕದವರಿಗೆ ಹೆಸರೂ ಸಿಗುತ್ತಿರಲಿಲ್ಲ. ಅವನ ಸಾಲಿನಲ್ಲಿ ಹೀಗೆ ಬರೆದಿದ್ದೇನೆ: ರೇಂಜರ್ಸ್, ಎಡಗಡೆಯಿಂದ ಹೊಡೆಯುವವರು, ಹೆಲ್ಮೆಟ್ ಇಲ್ಲ, 1970–76.